ಕಾಕು ಕಾಯುತ್ತೇನೆಂದ ಔಷಧ

ಪ್ರಯೋಗಾಲಯದಲ್ಲಿ ಅಮೋನಿಯಾ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ಆ ಘಾಟು ನನ್ನನ್ನು ಮುರಗೋಡದ ನಮ್ಮ ಓಣಿಗೆ ಎಳೆದೊಯ್ಯುತ್ತದೆ. ಕಬ್ಬಿಣದ ಲವಣದ ನೀರಿಗೆ ಅದನ್ನು ಹನಿಹನಿಯಾಗಿ ಬಿಟ್ಟರೆ ಹಳದಿ ನೀರು ಕಾಡಿಗೆಯಂತೆ ಕಪ್ಪಾಗುತ್ತದೆ. ಅಂಥ ಕಪ್ಪು ನೀರಿನ ಪುಟ್ಟ ಸೀಸೆಯೊಂದನ್ನು ಒಮ್ಮೆ ಪಕ್ಕದ ಮನೆಯ ಚಿಕ್ಕಮ್ಮನಿಗೆ, ಓಣಿಯವರೆಲ್ಲ ಕಾಕು ಎನ್ನುತ್ತಿದ್ದವರಿಗೆ, ತೋರಿಸಿದ್ದೆ...

ಕಾಕು ಹಾಡು ಎತ್ತದೆ ನಮ್ಮ ಓಣಿಯ ಯಾವ ಮದುಮಗಳಿಗೂ ಅರಿಶಿಣ ಹಚ್ಚುತ್ತಿರಲಿಲ್ಲ. ಎದೆಯ ಕ್ಯಾನ್ಸರ್‌ಗೆ ಕಿಮೊ ಶುರುವಾದ ಮೇಲೆ ಅವರ ಕೂದಲು ಉದುರಿತು. ಅದಕ್ಕೆ ಅಷ್ಟು ನೊಂದುಕೊಳ್ಳಲಿಲ್ಲ. ಬಾಯಿ ತುಂಬ ಹುಣ್ಣಾಗಿ ಹಾಡು ನಿಂತಾಗ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

"ಗಂಟು ಇರೋದು ಒಂದ ಕಡೆ. ಔಷಧ ಮೈಯೆಲ್ಲಾ ಯಾಕ ಸುಡತೈತಿ?" ಎಂದು ನನ್ನನ್ನು ಕೇಳಿದರು.

ನಾನಾಗ ಧಾರವಾಡದಲ್ಲಿ ಸಂಶೋಧನೆಗೆ ಸೇರಿದ್ದೆ. ನಮ್ಮ ಕೆಲಸವೂ ಅದೇ ಆಗಿತ್ತು: ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳಿಗೆ ಔಷಧ ಅಂಟಿಸುವುದು, ಹೊರಗಿನಿಂದ ಅಯಸ್ಕಾಂತ ಹಿಡಿದು ಅವನ್ನು ಗಂಟಿನ ಬಳಿಯೇ ನಿಲ್ಲಿಸುವುದು. ಮುಂದಿನ ಸಲ ಊರಿಗೆ ಹೋದಾಗ ಔಷಧವಿಲ್ಲದ, ಬರೀ ಕಣಗಳ ಸೀಸೆ ಒಯ್ದೆ. ಅಯಸ್ಕಾಂತವನ್ನು ಕಾಕು ತಾವೇ ಹಿಡಿದರು. ಕಪ್ಪೆಲ್ಲ ಸೀಸೆಯ ಒಂದು ಬದಿಗೆ ಬಂದು ಅಂಟಿ, ನೀರು ತಿಳಿಯಾಯಿತು.

"ಹಾಂ, ಅಲ್ಲೇ ಕುಂದರ್ರಿ. ಎಲ್ಲೂ ಅಡ್ಡಾಡಬ್ಯಾಡ್ರಿ," ಎಂದು ಆ ಕಣಗಳಿಗೇ ಹೇಳಿ ನಕ್ಕರು. ತಿಂಗಳುಗಳ ಮೇಲೆ ಕಂಡ ನಗು ಅದು.

ಮರುದಿನ ಬೆಳಿಗ್ಗೆ ಅವರ ಮಗಳು ಓಡಿ ಬಂದಳು. ಬೆಳಗಾವಿಯ ಆಸ್ಪತ್ರೆಗೆ ಹೋಗುವ ಗಾಡಿ ಬಂದು ನಿಂತಿತ್ತು. ನಾನು ಹೋಗಿ ನೋಡಿದರೆ ಕಾಕು ಹಾಸಿಗೆ ಬಿಟ್ಟು ಏಳಲೊಲ್ಲರು.

"ಇನ್ನ ಆ ಕಿಮೊ ಒಲ್ಲೆ. ನಿನ್ನ ಔಷಧ ಬರೋತನಕಾ ತಡೀತೇನಿ," ಎಂದರು.

ಅವರ ಕೈ ಹಿಡಿದುಕೊಂಡೆ. "ಕಾಕೂ, ಇದನ್ನ ಇನ್ನೂ ಇಲಿಗಳಿಗೆ ಕೊಟ್ಟು ನೋಡಾಕ ಹತ್ತೇವ್ರಿ. ಮನಷ್ಯಾರಿಗೆ ಬರಾಕ ಭಾಳ ವರ್ಷ ಬೇಕ್ರಿ. ಅಲ್ಲೀತನಕಾ ನೀವು ಇರಬೇಕಂದ್ರ ಈಗ ಕಿಮೊನ ತಗೋಬೇಕ್ರಿ."

ಕಾಕು ತಲೆಗೆ ಸೆರಗು ಹೊದ್ದು ಎದ್ದರು.

"ನಡಿ. ನೀನೂ ಗಾಡ್ಯಾಗ ಕುಂದರ."

ಕುಳಿತೆ. ಆ ಸಲವಷ್ಟೇ ಅಲ್ಲ, ಚಿಕಿತ್ಸೆ ಮುಗಿಯುವವರೆಗೂ. ಹುಣ್ಣು ಮಾಯ್ದವು. ನನ್ನ ಅರಿಶಿಣದ ದಿನ ಕಾಕು ಹಾಡಿದರು. ಮೇಲಿನ ಸಾಲಿಗೆ ದನಿ ಒಡೆದಾಗ ಓಣಿಯ ಹೆಂಗಸರೆಲ್ಲ ದನಿಗೂಡಿಸಿದರು.

ಕೆಲವು ವರ್ಷಗಳ ನಂತರ ರೋಗ ಮರಳಿತು, ಶ್ವಾಸಕೋಶಕ್ಕೆ. ಆಗ ಕಾಕು ನನ್ನ ಔಷಧದ ಮಾತೆತ್ತಲಿಲ್ಲ. ನನ್ನ ಎಳೆ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಉಸಿರು ಸಾಕಾಗುವಷ್ಟು ಮಾತ್ರ ಗುನುಗುತ್ತಿದ್ದರು...

ಕಾಕು ತೀರಿಕೊಂಡರು. ನಮ್ಮ ಕೆಲಸ ಇನ್ನೂ ನಡೆದಿದೆ. ಚರ್ಮದ ಸಮೀಪ ಕಣಗಳು ನಿಲ್ಲುತ್ತವೆ. ದೇಹದ ಆಳಕ್ಕೆ ಅಯಸ್ಕಾಂತದ ಸೆಳೆತ ಸಾಲುವುದಿಲ್ಲ. ಮೊನ್ನೆ ಊರಿಗೆ ಹೋದಾಗ ಕಾಕುವಿನ ಮಗಳು ಚಹಾ ಕೊಡುತ್ತ ಕೇಳಿದಳು, "ಬಂತೇನಕ್ಕಾ ಅದು?"

"ಇನ್ನೂ ಇಲ್ಲವ್ವಾ," ಎಂದೆ.

ಅವಳು ಬಂದು ನನ್ನ ಮಗ್ಗುಲಲ್ಲಿ ಕುಳಿತಳು.