ತೆರಕಣಾಂಬಿಗೆ ಬಂದ ಹರಿದ ಕಾಗದ

ಚಿಕ್ಕಮಲ್ಲಮ್ಮನವರಿಗೆ ಓದು ಬರಹ ಬರುವುದಿಲ್ಲ ಎಂದು ನಾನು ಆರು ವರ್ಷ ನಂಬಿದ್ದೆ. ನಂಬಿಕೆಗೆ ಆಧಾರವಿತ್ತು. ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ನಾನು ಚಾಮರಾಜನಗರದ ಕಚೇರಿಗೆ ಹೋಗಲು ಕಾಯುತ್ತಿದ್ದಾಗ, ಅವರು ಒಂದು ಹಾರನ್ನನ್ನೋ ಕೆಟ್ಟ ಆಂಪ್ಲಿಫೈಯರನ್ನೋ ಕಂಕುಳಲ್ಲಿ ಇರುಕಿಕೊಂಡು ಬಂದು, "ಇದೆಲ್ಗಪ್ಪ ಓಯ್ತದೆ?" ಎಂದು ಕೇಳುತ್ತಿದ್ದರು. ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ಅಂಗೈಯಗಲದ ಅಕ್ಷರಗಳಲ್ಲಿ ಇರುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು ಓದಿ ಹೇಳುತ್ತಿದ್ದೆ. ವಯಸ್ಕರ ಶಿಕ್ಷಣಕ್ಕೆ ನನ್ನ ಕೈಲಾದ ಸೇವೆ ಎಂಬ ಸಣ್ಣ ಹೆಮ್ಮೆಯೂ ಇತ್ತು.

ಒಂದು ದಿನ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವರು ನನ್ನ ಕೈಯಲ್ಲಿದ್ದ ಪೇಪರನ್ನು ನನಗಿಂತ ಮುಂಚೆ ಓದಿ ಮುಗಿಸಿ, "ತಿರುವಾಕಪ್ಪ, ಎಷ್ಟೊತ್ತು?" ಎಂದರು.

"ಓದೋಕೆ ಬರುತ್ತಲ್ಲ ನಿಮಗೆ. ಮತ್ತೆ ಬೋರ್ಡು ಯಾಕೆ ಕೇಳ್ತಿದ್ರಿ?"

"ಬೋರ್ಡು ಓದಕೆ ನಂಗೂ ಬತ್ತದೆ. ಬಸ್ಸು ಬೋರ್ಡ್ ಓದ್ಕಂಡು ಓಯ್ತದಾ?"

ಅಂದಿನಿಂದ ನಾನು ಅವರಿಗೆ ಏನನ್ನೂ ಓದಿ ಹೇಳಿಲ್ಲ.

ತೆರಕಣಾಂಬಿಯಲ್ಲಿ ಅವರ ಗಂಡ ದೊಡ್ಡಮಲ್ಲಪ್ಪನವರದು ಮೈಕ್‌ಸೆಟ್. ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಚುನಾವಣೆ, ಎಲ್ಲಕ್ಕೂ ಅವರದೇ ಹಾರನ್ನು. ಗಂಡ ಕಂಬ ಹತ್ತಿ ಕಟ್ಟುವವರು, ಹೆಂಡತಿ ವೈರು ಎಳೆಯುವವರು. ಕಾರ್ಯಕ್ರಮ ಮುಗಿದ ಮೇಲೆ ಆ ವೈರನ್ನು ಹೆಬ್ಬೆರಳಿನ ಬುಡಕ್ಕೂ ಮೊಣಕೈಗೂ ಸುತ್ತಿ ಸುತ್ತಿ ಸಿಂಬೆ ಮಾಡುವುದು ಚಿಕ್ಕಮಲ್ಲಮ್ಮನವರ ಕೆಲಸ. ಮೂವತ್ತು ವರ್ಷ ಸುತ್ತಿದ ಕೈ ಸುಮ್ಮನೆ ಇರುವುದನ್ನು ಮರೆತಿತ್ತು. ಬಸ್ಸಿನಲ್ಲಿ ಕೂತರೆ ಸೆರಗನ್ನು ಸುತ್ತುವರು, ಬಿಚ್ಚುವರು, ಮತ್ತೆ ಸುತ್ತುವರು. ನೋಡುತ್ತಾ ಕೂತವರಿಗೂ ಯಾವುದೋ ಕೆಲಸ ಬಾಕಿ ಇದೆ ಅನ್ನಿಸಿ ಚಡಪಡಿಕೆ ಶುರುವಾಗುತ್ತಿತ್ತು.

ವೇದಿಕೆಯ ಹಿಂದೆ ನಿಂತು ಅವರು ಕೇಳದ ಭಾಷಣವಿಲ್ಲ. ಭಾಷಣಕಾರರನ್ನು ಅವರು ಪಕ್ಷದಿಂದ ವಿಂಗಡಿಸುತ್ತಿರಲಿಲ್ಲ. ಮೈಕನ್ನು ಬಾಯೊಳಗೆ ಇಟ್ಟುಕೊಳ್ಳುವವರು, ಮೈಕಿನ ಕತ್ತು ತಿರುಚುವವರು, ಮೈಕು ತಟ್ಟಿ ನೋಡುವವರು, ಹೀಗೆ ಮೂರು ಜಾತಿ. ನಮ್ಮ ಭಾಗದ ದೊಡ್ಡ ನಾಯಕರೊಬ್ಬರು ಮೊದಲನೆಯ ಜಾತಿ. ಅವರ ಹೆಸರು ಬೇಡ. ಹೆಸರು ಹಾಕಿದರೆ ಈ ಬರಹವೂ ವಿವಾದವಾಗಬಹುದು, ಅಷ್ಟು ದೊಡ್ಡ ಯೋಗ ಇದಕ್ಕೆ ಬೇಕಿಲ್ಲ. ಆ ನಾಯಕರು ಮೊಟ್ಟಮೊದಲ ಭಾಷಣ ಮಾಡಿದ್ದು ದೊಡ್ಡಮಲ್ಲಪ್ಪನವರ ಮೈಕಿನಲ್ಲಿ.

ದೊಡ್ಡಮಲ್ಲಪ್ಪನವರು ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಮೂರನೆಯ ದಿನ ನಾಯಕರಿಂದ ಕಾಗದ ಬಂತು. ತಂದವನು ಅವರ ಪಕ್ಷದ ಹೋಬಳಿ ಕಾರ್ಯದರ್ಶಿ ಮೃತ್ಯುಂಜಯ. ಹೋಬಳಿಯಲ್ಲಿ ಯಾರೇ ತೀರಿಕೊಂಡರೂ ಮೊದಲು ಹಾರ ಹಿಡಿದು ನಿಲ್ಲುವವನು ಅವನೇ. ಆ ಹೆಸರಿಟ್ಟಾಗ ಅವನ ಅಪ್ಪ ಅಮ್ಮನಿಗೆ ಇದು ತಿಳಿದಿರಲಿಲ್ಲ.

ನಾಲ್ಕು ಸಾಲಿನ ಕಾಗದ. ನಾಯಕರು ಸ್ವಂತ ಕೈಯಿಂದ ಬರೆದದ್ದು. "ಮಲ್ಲಪ್ಪ ಹೋದರೆಂದು ಕೇಳಿದೆ. ಮೊದಲ ಸಭೆಯಲ್ಲಿ ನನ್ನ ಗಂಟಲು ಕಟ್ಟಿದಾಗ ಬಾಯಿಗೆ ಬೆಲ್ಲ ಹಾಕಿ ಮೈಕು ಕೈಗೆ ಕೊಟ್ಟವರು." ಆಮೇಲೆ ಒಂದು ಸಾಲು ಬರೆದು ಹೊಡೆದುಹಾಕಿದ್ದರು. ಕೊನೆಗೆ, "ಧೈರ್ಯವಾಗಿರಿ." ಅರ್ಧದವರೆಗೆ ನೀಲಿ ಶಾಯಿ, ಉಳಿದದ್ದು ಕಪ್ಪು.

ಚಿಕ್ಕಮಲ್ಲಮ್ಮನವರು ಹೊಸ್ತಿಲಾಚೆ ನಿಂತೇ ಓದಿದರು. ಓದಿ ಮೇಲಿನ ಮೂಲೆ ಹಿಡಿದು ಹರಿಯತೊಡಗಿದರು. ನಮ್ಮ ಕಡೆ ಸಾವಿನ ಕಾಗದ ಒಳಗೆ ಬರುವುದಿಲ್ಲ. ಹೊರಗೇ ಓದಿ, ಹೊರಗೇ ಹರಿದು, ಕೈಕಾಲು ತೊಳೆದು ಒಳಗೆ ಬರುವುದು. ಯಾರಿಗೂ ಹೇಳಿಕೊಡಬೇಕಾಗಿಲ್ಲ, ಮೃತ್ಯುಂಜಯನ ಅಜ್ಜಿಯೂ ಹಾಗೇ ಮಾಡಿದವರು. ಆದರೆ ಪದವಿ ಬಂದ ಮೇಲೆ ಮನುಷ್ಯ ಕೆಲವನ್ನು ಮರೆಯುತ್ತಾನೆ.

"ಅವ್ವ, ಏನ್ಮಾಡ್ತಿದ್ದೀರಿ? ಸಾಹೇಬ್ರು ಕೈಯಾರೆ ಬರೆದಿರೋದು," ಎಂದು ಕಿತ್ತುಕೊಂಡ. ಅಷ್ಟರಲ್ಲಿ ಬೆರಳುದ್ದ ಹರಿದಿತ್ತು. ಅವನು ಅದನ್ನು ಬೈಕಿನ ಸೀಟಿನ ಮೇಲೆ ಹರಡಿ ಫೋಟೋ ತೆಗೆದು, 'ಜನನಾಯಕನ ಹೃದಯ' ಎಂದು ಬರೆದು ಊರಿಗೆಲ್ಲ ಹಂಚಿದ.

ಸಂಜೆಯೊಳಗೆ ಹೃದಯ ಬೀದಿಗೆ ಬಂತು. ಸಾಂತ್ವನ ನಾಲ್ಕೇ ಸಾಲೇ ಎಂದು ಒಬ್ಬರು. ಲೆಟರ್‌ಹೆಡ್ ಇಲ್ಲವೇ ಎಂದು ಇನ್ನೊಬ್ಬರು. ಪೆನ್ನು ಬದಲಾದದ್ದು ಯಾಕೆ, ಮಧ್ಯೆ ಎದ್ದು ಎಲ್ಲಿಗೆ ಹೋಗಿದ್ದರು ಎಂದು ಮತ್ತೊಬ್ಬರು. ಟಿವಿಯಲ್ಲಿ ಅಕ್ಷರ ತಜ್ಞರೊಬ್ಬರು ಸಾಲುಗಳು ಬಲಕ್ಕೆ ಇಳಿದಿರುವುದು ಅಸಡ್ಡೆಯ ಲಕ್ಷಣ ಎಂದರು. ಅವರ ಪಕ್ಕದಲ್ಲಿ ಕೂತ ತಜ್ಞರು ಅದೇ ಇಳಿಜಾರನ್ನು ದುಃಖದ ಭಾರ ಎಂದರು. ಆದರೆ ಎಲ್ಲರನ್ನೂ ಒಂದುಗೂಡಿಸಿದ್ದು ಆ ಮೂಲೆ. ಬಡ ವಿಧವೆಗೆ ಹರಿದ ಕಾಗದ ಕಳಿಸಿದ್ದಾರೆ. ಇದಕ್ಕೆ ಮಾತ್ರ ಎರಡನೆಯ ಅಭಿಪ್ರಾಯವಿರಲಿಲ್ಲ.

ಮೃತ್ಯುಂಜಯ ಸಂಕಟಕ್ಕೆ ಸಿಕ್ಕಿಕೊಂಡ. ಸಾಹೇಬರು ಹರಿದದ್ದಲ್ಲ ಎಂದರೆ ಯಾರು ಹರಿದರು ಎಂದು ಕೇಳುತ್ತಾರೆ. ಮನೆಯವರೇ ಹರಿದರು ಎಂದರೆ ಇನ್ನೂ ಕೆಟ್ಟದ್ದು. ಹಗಲಿಡೀ ಯೋಚಿಸಿ, ಗುಂಡ್ಲುಪೇಟೆಗೆ ಹೋಗಿ, ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿ ತಂದು ಚಿಕ್ಕಮಲ್ಲಮ್ಮನವರ ಕೈಗೆ ಕೊಟ್ಟ. ಮೂಲೆ ಕೂಡಿಕೊಂಡಿತು. ಗೋಡೆಗೆ ನೇತುಹಾಕಲು ಮೇಲೆ ಒಂದು ತೂತೂ ಇತ್ತು.

ಚಿಕ್ಕಮಲ್ಲಮ್ಮನವರು ಹರಿಯಲು ನೋಡಿದರು. ಪ್ಲಾಸ್ಟಿಕ್ಕು ಬಾಗಿತೇ ಹೊರತು ಹರಿಯಲಿಲ್ಲ. ಹೊರಗೆ ಚಪ್ಪರದ ಗಳುವಿಗೆ ಸಿಕ್ಕಿಸಿ, ಹನ್ನೊಂದನೆಯ ದಿನದ ಕಾರ್ಯದೊಳಗೆ ಏನಾದರೂ ಮಾಡೋಣ ಎಂದುಕೊಂಡರು. ಅಷ್ಟರಲ್ಲಿ ಎದುರು ಪಕ್ಷದ ಶಾಂತರಾಜು ಸಂತಾಪಕ್ಕೆ ಬಂದ. ಗಳುವಿನತ್ತ ನೋಡಿ ಅವನ ಕಣ್ಣು ತುಂಬಿತು.

"ಇದು ನಿಮಗಲ್ಲ ಅವ್ವ, ಇಡೀ ಜಿಲ್ಲೆಗೆ ಆದ ಅವಮಾನ."

"ಅದ ನಾನೇ ಹರಿದಿದ್ದು ಕಣಪ್ಪ."

"ನೀವು ದೊಡ್ಡ ಮನಸ್ಸಿನೋರು, ಹಂಗೇ ಅಂತೀರಿ," ಎಂದು ಸಾಕ್ಷಿಗೆಂದು ಕಾಗದವನ್ನು ಕೊಂಡೊಯ್ದ. ಸಂಜೆಗೆ ತಂದುಕೊಡುವೆ ಎಂದಿದ್ದ. ನಾಲ್ಕು ಸಂಜೆ ಕಳೆದವು.

ಹತ್ತನೆಯ ದಿನ ಬೆಳಿಗ್ಗೆ ನನ್ನ ಬಸ್ಸು ತೆರಕಣಾಂಬಿಯಲ್ಲಿ ನಿಂತಾಗ ಚಿಕ್ಕಮಲ್ಲಮ್ಮನವರು ಹತ್ತಿದರು. ಇಷ್ಟೆಲ್ಲ ನನಗೆ ತಿಳಿದದ್ದು ಆ ದಾರಿಯಲ್ಲಿ. ಹಣೆಯಲ್ಲಿ ವಿಭೂತಿ ಬಿಟ್ಟರೆ ಏನೂ ಇರಲಿಲ್ಲ. ಕೂತರು, ಎದ್ದರು, ಕಿಟಕಿ ಕಡೆ ಜರುಗಿದರು. ಸೆರಗು ಮೊಣಕೈಗೆ ಸುತ್ತಿಕೊಳ್ಳುತ್ತಲೇ ಇತ್ತು.

"ಹತ್ತನೇ ದಿನ ಮನೆ ಬಿಟ್ಟು ಹೊರಟಿದ್ದೀರಿ?" ಎಂದೆ.

"ನಮ್ಮೋರಗಿತ್ತೀನೂ ಅದೇ ಅಂದ್ಲು. ನಾಳಿಕೆ ಹನ್ನೊಂದು. ಕಾಗ್ದ ಆ ಶಾಂತರಾಜು ತಾವ ಅದೆ. ಇವತ್ತು ನಗರದಾಗೆ ಸಭೆ ಮಡಗವ್ನಂತೆ."

"ನಾಳೆ ತಂದುಕೊಡ್ತಾನೆ ಬಿಡಿ."

"ತಂದ್ರೆ ಏನು ಬಂತು? ನಾಳಿಕೆ ಕಾರ್ಯ ಆಗೋದ್ರೊಳಗೆ ಹರೀಬೇಕು. ಹರೀದೆ ಇದ್ರೆ ಆ ಸುದ್ದಿ ಇನ್ನೂ ಬತ್ತಾನೇ ಇರ್ತದೆ ಕಣಪ್ಪ. ದಿನಾ ಬತ್ತದೆ. ಟೀವಿ ಹಾಕುದ್ರೂ ಬತ್ತದೆ, ಫೋನ್ ಒತ್ತುದ್ರೂ ಬತ್ತದೆ. ಹತ್ತು ದಿನದಿಂದ ನಮ್ಮಪ್ಪಾರು ದಿನಾ ಸಾಯ್ತಾವ್ರೆ. ಮಣ್ಣು ಮಾಡಿ ಬಂದವ್ಳು ನಾನು, ನಂಗೇ ಅನುಮಾನ ಬತ್ತದೆ."

ಗಂಡನನ್ನು ಅವರು 'ನಮ್ಮಪ್ಪಾರು' ಎಂದೇ ಕರೆಯುತ್ತಿದ್ದದ್ದು. ಇಂಥ ಹೊತ್ತಿನಲ್ಲಿ ನನ್ನಂಥವರು ಕುತೂಹಲದ ಪ್ರಶ್ನೆ ಕೇಳುತ್ತಾರೆ. ಆ ಹೊಡೆದುಹಾಕಿದ ಸಾಲಿನಲ್ಲಿ ಏನಿತ್ತು ಎಂದು ಕೇಳಿದೆ. ಟಿವಿಯವರು ಅದಕ್ಕೆ ಎರಡು ಗಂಟೆ ಕೊಟ್ಟಿದ್ದರು.

"'ಕಾರ್ಯಕ್ಕೆ ನಾನೇ ಬರುತ್ತೇನೆ' ಅಂತ ಬರ್ದು ಹೊಡೆದಾಕವ್ರೆ. ಕಣ್ಣಿಗೆ ಕಾಣ್ತದಲ್ಲ. ಬರಕಾಗಲ್ಲ ಅಂತ ಆಮೇಲೆ ಗೊತ್ತಾಗಿರ್ಬೇಕು." ಸೆರಗು ಬಿಚ್ಚಿ ಮತ್ತೆ ಸುತ್ತತೊಡಗಿದರು. "ಮೂವತ್ ವರ್ಷ ಅವ್ರ ಭಾಷಣ ಕೇಳಿವ್ನಿ. ಮಾತು ಕೊಟ್ಟು ಹೊಡೆದಾಕಿದ್ದು ಇದೊಂದೇ ಸಲ. ನಂಗೇನೋ ಕಾಗ್ದ ಚೆನ್ನಾಗೇ ಇತ್ತು."

ಚಾಮರಾಜನಗರದಲ್ಲಿ ಇಳಿದಾಗ ನಾನು ಕಚೇರಿಯ ಕಡೆ ತಿರುಗಬೇಕಿತ್ತು. ತಿರುಗಲಿಲ್ಲ. ಭುವನೇಶ್ವರಿ ವೃತ್ತದ ಬಳಿ ಶಾಮಿಯಾನ ಹಾಕಿದ್ದರು. ನಲವತ್ತು ಜನ ಇದ್ದರು, ಅವರಲ್ಲಿ ನೆರಳಿಗೆ ಬಂದವರು ಹತ್ತು. ಹಿಂದೆ ಹತ್ತಡಿ ಎತ್ತರದ ಬ್ಯಾನರಿನಲ್ಲಿ ಆ ಕಾಗದ, ಅದರ ಹರಿದ ಮೂಲೆಗೆ ಕೆಂಪು ಸುತ್ತು. ರಸ್ತೆಯ ಆಚೆ ಬದಿ ಮೃತ್ಯುಂಜಯ ಹನ್ನೆರಡು ಅಭಿಮಾನಿಗಳೊಂದಿಗೆ ನಾಯಕರಿಗೆ ಜೈಕಾರ ಹಾಕುತ್ತಿದ್ದ. ನಡುವೆ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು.

ಶಾಂತರಾಜು ವೇದಿಕೆಯ ಮೇಲೆ ಲ್ಯಾಮಿನೇಟ್ ಆದ ಕಾಗದವನ್ನು ಎತ್ತಿ ಹಿಡಿದು ಮಾತನಾಡುತ್ತಿದ್ದ. ಮಾತಿಗಿಂತ ಜೋರಾಗಿ ಮೈಕು ಕುಯ್ ಎನ್ನುತ್ತಿತ್ತು. ಮೈಕಿನವನು ಒಂದೊಂದೇ ತಿರುಪು ತಿರುಗಿಸುತ್ತಾ ಬೆವರುತ್ತಿದ್ದ. ಚಿಕ್ಕಮಲ್ಲಮ್ಮನವರ ಮುಖ ಹಲ್ಲುನೋವು ಬಂದವರಂತಾಯಿತು. ಮೆಟ್ಟಿಲು ಹತ್ತಿ ನೇರ ಹೋದರು. ಶಾಂತರಾಜುವಿನ ಕಡೆ ಅಲ್ಲ, ಮೂಲೆಯ ಸ್ಪೀಕರ್ ಬಾಕ್ಸಿನ ಕಡೆ. ಅದನ್ನು ಅಪ್ಪಿ ಹಿಡಿದು ಜನರ ಕಡೆಗೆ ತಿರುಗಿಸಿದರು. ಕುಯ್ ನಿಂತಿತು. ಕಾಲಿಗೆ ತೊಡರುತ್ತಿದ್ದ ವೈರನ್ನು ಬಗ್ಗಿ ಎತ್ತಿಕೊಂಡು, ನೋಡದೆಯೇ ಮೊಣಕೈಗೆ ಸುತ್ತತೊಡಗಿದರು. ಹತ್ತು ದಿನಗಳಲ್ಲಿ ಆ ಕೈಗೆ ಸಿಕ್ಕ ಮೊದಲ ವೈರು ಅದು.

ಶಾಂತರಾಜುವಿಗೆ ಮೊದಲು ಗಾಬರಿಯಾಯಿತು, ಮರುಕ್ಷಣ ಅದೃಷ್ಟ ಕಂಡಿತು. "ನೊಂದ ತಾಯಿ ಸ್ವತಃ ಬಂದವ್ರೆ. ಬಡವರ ಮನೆಗೆ ಹರಿದ ಕಾಗದ ಕಳಿಸಿದೋರ್ಗೆ ಈ ತಾಯಿ ಏನಂತಾರೆ ಕೇಳಿ," ಎಂದು ಮೈಕನ್ನು ಅವರ ಮುಂದೆ ಹಿಡಿದ.

"ಅದ ಹರಿದವ್ಳು ನಾನು," ಎಂದರು ಚಿಕ್ಕಮಲ್ಲಮ್ಮನವರು. ಮೈಕನ್ನು ತಾವೇ ಇಸಕೊಂಡು ಬಾಯಿಂದ ಒಂದು ಗೇಣು ದೂರ ಹಿಡಿದಿದ್ದರಿಂದ ಮಾತು ಸ್ವಚ್ಛವಾಗಿ ವೃತ್ತದಾಚೆಗೂ ಕೇಳಿಸಿತು. "ಸಾವಿನ್ ಕಾಗ್ದ ಓದಿ ಹರಿಯಲ್ವಾ? ನಿಮ್ ಮನೇಲಿ ಹರಿಯಲ್ವಾ ಶಾಂತರಾಜು? ನಿಮ್ಮವ್ವ ಹೋದಾಗ ನಮ್ ಮನೆಗೆ ಬಂದ ಕಾಗ್ದ ನಮ್ಮಪ್ಪಾರು ಜಗ್ಲಿ ಮ್ಯಾಲೇ ಹರಿದ್ರು. ನಿಮಗೆ ಅವಮಾನ ಆಯ್ತಾ?"

ಶಾಮಿಯಾನದ ಕೆಳಗೆ ಯಾರೋ ಕೆಮ್ಮಿದರು. ವಯಸ್ಸಾದ ನಾಲ್ಕೈದು ಜನ ಬ್ಯಾನರಿನ ಕೆಂಪು ಸುತ್ತನ್ನು ಹೊಸದಾಗಿ ನೋಡಿ ನೆಲ ನೋಡಿದರು. ಅವರಿಗೆ ಮೊದಲೇ ಗೊತ್ತಿರಬೇಕಿತ್ತು. ಗೊತ್ತೂ ಇತ್ತು.

ಆಚೆ ಬದಿಯಲ್ಲಿ ಮೃತ್ಯುಂಜಯನ ಕಡೆಯವರು ಚಪ್ಪಾಳೆ ತಟ್ಟಿದರು.

"ನೀ ತಟ್ಬ್ಯಾಡ ಮೃತ್ಯುಂಜಯ," ಎಂದಿತು ಮೈಕು. "ಹರೀತಿದ್ದೋಳ ಕೈಯಿಂದ ಕಿತ್ಕಂಡು ಊರಿಗೆಲ್ಲ ತೋರ್ಸಿದ್ದು ನೀನು. ಮ್ಯಾಕೆ ಪ್ಲಾಸ್ಟಿಕ್ ಬೇರೆ ಹೊಡೆಸ್ದೆ."

ಚಪ್ಪಾಳೆ ನಿಂತಿತು. ಚಿಕ್ಕಮಲ್ಲಮ್ಮನವರು ಶಾಂತರಾಜುವಿನ ಕೈಗೆ ಮೈಕು ಕೊಟ್ಟು, ಅದೇ ಕೈಯಿಂದ ಕಾಗದ ತೆಗೆದುಕೊಂಡರು. ಅವನು ಕೊಟ್ಟುಬಿಟ್ಟ. ಎರಡನ್ನೂ ಒಟ್ಟಿಗೆ ಹಿಡಿಯಲು ಅವನಿಗೆ ತೋಚಲಿಲ್ಲ, ಎರಡರಲ್ಲಿ ಒಂದೇ ಎಂದರೆ ಅಂಥವರು ಮೈಕನ್ನೇ ಹಿಡಿಯುತ್ತಾರೆ.

ಕೆಳಗಿಳಿದವರು ರಸ್ತೆಯ ಅಂಚಿನಲ್ಲಿ ನಿಂತು ಹರಿಯಲು ನೋಡಿದರು. ಮಡಚಿದರು, ಹಲ್ಲಿಗೆ ಕಚ್ಚಿದರು. ಬಿಳಿ ಗೆರೆ ಬಿತ್ತು, ಅಷ್ಟೇ. ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಆಗಲೇ. ಬಸ್ಸಿನಲ್ಲಿ ಗಂಡನ ಸುದ್ದಿ ಹೇಳುವಾಗಲೂ ಬಂದಿರಲಿಲ್ಲ.

ಅಷ್ಟರಲ್ಲಿ ಯೂಟ್ಯೂಬ್ ಚಾನೆಲ್ಲಿನ ಮಧುಶ್ರೀ ಎಂಬ ಹುಡುಗಿ ಫೋನು ಹಿಡಿದು ಓಡಿಬಂದಳು. ಬೆಳಗಿನಿಂದ ಬಿಸಿಲಲ್ಲಿ ನಿಂತು ಅವಳ ಮುಖ ಕೆಂಪಾಗಿತ್ತು. ಕೇಳಲೇಬೇಕಲ್ಲ ಎಂದು ಕೇಳಿದಳು.

"ಅಮ್ಮಾ, ಇಷ್ಟು ಚರ್ಚೆಯಾದ ಈ ಪತ್ರಾನ ನೀವು ಮನೇಲಿ ಯಾವ ಗೋಡೆಗೆ ಹಾಕ್ತೀರಿ?"

ಚಿಕ್ಕಮಲ್ಲಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು ಅವಳನ್ನೂ ಅವಳ ಹೆಗಲ ಚೀಲವನ್ನೂ ನೋಡಿದರು.

"ಗೋಡೆಗಾಕಕೆ ಇದು ಮದ್ವೆ ಕಾಗ್ದ ಅಲ್ಲ ಕಣಮ್ಮಿ. ಚೀಲದಾಗೆ ಕತ್ರಿ ಅದಾ?"