ಅಜ್ಜಂಪುರದಲ್ಲಿ ಸಾಯದ ಓಲೆಕಾರ

ಹೋದ ಭಾನುವಾರ ಊಟ ಮುಗಿಸಿ ಟಿವಿಯ ಚಾನೆಲ್ ತಿರುಗಿಸುತ್ತಿದ್ದೆ. ಕಹಳೆಯ ಬೆನ್ನಿಗೇ ಕುದುರೆಯ ಗೊರಸಿನ ಸದ್ದು. ಹೆಸರು ಬರುವ ಮೊದಲೇ ಗೊತ್ತಾಗಿಹೋಯಿತು, ನಮ್ಮ ಸಿನಿಮಾ! ಆದರೆ ಕೈ ರಿಮೋಟಿನ ಮೇಲೇ ನಿಂತಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಎದೆ ರಿಪೇರಿ ಮಾಡಿಸಿಕೊಂಡು ನಾನು ಕಡೂರಿನ ಮನೆಗೆ ಬಂದು ಇನ್ನೂ ತಿಂಗಳಾಗಿಲ್ಲ. ಅಂದಿನಿಂದ ನನ್ನ ಹೆಂಡತಿಯ ಮುಂದೆ ‘ಸಾವು’ ಎಂಬ ಮಾತನ್ನು ಯಾರೂ ಎತ್ತುವ ಹಾಗಿಲ್ಲ. ಪೇಪರಿನ ಶ್ರದ್ಧಾಂಜಲಿ ಪುಟವನ್ನು ಒಳಕ್ಕೆ ಮಡಚಿಯೇ ನನ್ನ ಕೈಗೆ ಕೊಡುತ್ತಾಳೆ. ಈ ಸಿನಿಮಾದಲ್ಲೋ ಕೊನೆಗೆ ನಾಯಕ ಸಾಯುತ್ತಾನೆ. ನೋಡಲೋ, ಬಿಡಲೋ?

ನೀವು ನೋಡಿರದಿದ್ದರೆ ಕಥೆ ಹೇಳಿಬಿಡುತ್ತೇನೆ. ಪಾಳೇಗಾರರ ಕಾಲ. ಪಾಳೇಗಾರನ ಮಗಳಿಗೂ ಕೋಟೆಯಿಂದ ಕೋಟೆಗೆ ಓಲೆ ಒಯ್ಯುವ ಓಲೆಕಾರನಿಗೂ ಪ್ರೀತಿ. ಅವಳು ತೋಪಿನಲ್ಲಿ ದೀಪ ಹಚ್ಚಿಟ್ಟರೆ ಅವನು ಗೋಡೆ ಹಾರಿ ಬರುತ್ತಾನೆ. ಅಪ್ಪನಿಗೆ ತಿಳಿಯುತ್ತದೆ. ಕೋಟೆ ಬಾಗಿಲಲ್ಲಿ ಓಲೆಕಾರ ಈಟಿಯ ಏಟಿಗೆ ಬೀಳುತ್ತಾನೆ. ಇಷ್ಟೇ. ಬರೀ ಕಥೆಗಾಗಿ ನೋಡುವವರಿಗೆ ಒಂದು ಸಲ ಸಾಕು ಬಿಡಿ.

ನಾನೂ ಮೊದಲು ನೋಡಿದ್ದು ಹಾಗೆಯೇ, ತರೀಕೆರೆಯಲ್ಲಿ, ಸೋದರಮಾವನ ಮನೆಯಲ್ಲಿದ್ದು ಓದುವಾಗ. ಪಾಳೇಗಾರರು ಆಳಿದ ಊರಲ್ಲವೇ, ಜನ ತೆರೆಯ ಮೇಲಿನ ಪಾಳೇಗಾರನನ್ನು ಸ್ವಂತ ನೆಂಟನೆಂದೇ ತಿಳಿದು ಶಿಳ್ಳೆ ಹೊಡೆದರು. ನನಗೆ ಕತ್ತಿವರಸೆ ಬಿಟ್ಟು ಬೇರೇನೂ ಕಾಣಲಿಲ್ಲ.

ಆಮೇಲೆ ಹೆಣ್ಣು ನೋಡಲು ಅಜ್ಜಂಪುರಕ್ಕೆ ಹೋದೆವು. ಹುಡುಗಿಯನ್ನು ಕಂಡದ್ದೇ ತಡ, ಇವಳೇ ಆಗಲಿ ದೇವರೇ ಅಂದುಕೊಂಡೆ. ಕೇಸರಿಬಾತು ಮುಗಿಯಿತು. “ಏನಾದ್ರೂ ಕೇಳಪ್ಪಾ” ಎಂದರು ಅವಳ ತಂದೆ. ಯಾವ ಸಿನಿಮಾ ಇಷ್ಟ ಎಂದು ಕೇಳಿದೆ. ಅವಳು ಇದರ ಹೆಸರನ್ನೇ ಹೇಳಬೇಕೇ! ಖುಷಿಗೆ ಬಾಯಿ ಜಾರಿತು.

“ಪಾಪ, ಕೊನೆಗೆ ಸಾಯ್ತಾನಲ್ಲ.”

“ಸಾಯಲ್ಲ ಕಣ್ರೀ,” ಎಂದಳು.

“ಸಾಯ್ತಾನೆ. ನಾನೇ ನೋಡಿದೀನಿ.”

“ನಾನೇನು ಕಣ್ಮುಚ್ಕೊಂಡು ನೋಡಿದ್ನಾ? ಗಾಯ ವಾಸಿಯಾಗಿ ದೀಪದ ಹತ್ರ ಬತ್ತಾನೆ.”

ತಾಂಬೂಲದ ತಟ್ಟೆಯ ಮುಂದೆ ಸಾಯ್ತಾನೆ, ಸಾಯಲ್ಲ ಎಂದು ನಮ್ಮ ಜಗಳ! ನಮ್ಮಮ್ಮ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. “ಶುಭ ಮಾತಾಡೋ ಹೊತ್ನಲ್ಲಿ ಸಾವಿನ ಸುದ್ದೀನಾ? ಏಳೋ ಮೇಲೆ.” ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದುಕೊಂಡೆ.

ಆಗ ಮೂಲೆಯಲ್ಲಿದ್ದ ಅವಳ ಅಜ್ಜಿ ಕಿಸಕ್ಕನೆ ನಕ್ಕರು. ಅಜ್ಜಂಪುರದ ಟೆಂಟ್ ಸಿನಿಮಾದಲ್ಲಿ ಮೊದಲ ದಿನ ಆಪರೇಟರು ರೀಲು ಅದಲುಬದಲು ಮಾಡಿದ್ದನಂತೆ. ಓಲೆಕಾರ ಬಿದ್ದದ್ದು ಮೊದಲು, ದೀಪ ಹಚ್ಚಿದ್ದು ಆಮೇಲೆ. ಗಾಯ ವಾಸಿಯಾಯಿತು ಎಂದು ಜನ ಸಂತೋಷವಾಗಿ ಮನೆಗೆ ಹೋದರು. ಮರುದಿನ ಅವನು ತಪ್ಪು ತಿದ್ದಿಕೊಂಡು ಸರಿಯಾಗಿ ಹಾಕಿದರೆ ಊರೇ ತಿರುಗಿಬಿತ್ತು. “ನಿನ್ನೆ ಬದುಕಿದ್ದೋನ್ನ ಇವತ್ತು ಯಾಕ್ಲೇ ಸಾಯಿಸ್ದೆ?” ಪಾಪದವನು ಮತ್ತೆ ರೀಲು ಬದಲಿಸಿದ. ಟೆಂಟು ಎತ್ತುವವರೆಗೂ ಅಜ್ಜಂಪುರದಲ್ಲಿ ಓಲೆಕಾರ ಸಾಯಲಿಲ್ಲ.

ನಮ್ಮಮ್ಮನಿಗೂ ನಗು ತಡೆಯಲಾಗಲಿಲ್ಲ, ಕೂತಳು. ಹುಡುಗಿ ಮಾತ್ರ ಸೋಲಲಿಲ್ಲ. “ಹಂಗಾದ್ರೆ ಒಟ್ಟಿಗೆ ಕೂತು ನೋಡಿದ್ರಾಯ್ತು ಬಿಡಿ,” ಎಂದವಳು, ಆಡಿದ್ದೇನೆಂದು ಹೊಳೆದು ಒಳಗೆ ಓಡಿದಳು. ಅವತ್ತೇ ತಾಂಬೂಲ ಬದಲಾಯಿತು.

ಮದುವೆಯಾಗಿ ಮೊದಲು ಒಟ್ಟಿಗೆ ನೋಡಿದ್ದು ಅದನ್ನೇ, ತರೀಕೆರೆಯಲ್ಲಿ. ಓಲೆಕಾರ ಬಿದ್ದವನು ಏಳಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಮೂಗೊರೆಸಿಕೊಂಡೇ ಬಂದಳು. “ನಿಮ್ಮೂರೋರಿಗೆ ಕರುಳೇ ಇಲ್ಲ” ಎಂದು ನನ್ನನ್ನೇ ಬೈದಳು. ಆಮೇಲೆ ಅದು ಎಷ್ಟು ಸಲ ಟಿವಿಯಲ್ಲಿ ಬಂದರೂ ಕೋಟೆ ಬಾಗಿಲು ಕಂಡ ಕೂಡಲೇ “ಹಾಲು ಉಕ್ಕೀತು” ಎಂದು ಎದ್ದುಹೋಗುತ್ತಿದ್ದಳು. ಒಲೆಯ ಮೇಲೆ ಹಾಲೇ ಇರುತ್ತಿರಲಿಲ್ಲ.

ನೋಡಿದ್ದನ್ನೇ ಏನು ನೋಡ್ತೀಯೋ ಎಂದು ಗೆಳೆಯರು ಆಡಿಕೊಳ್ಳುತ್ತಾರೆ. ಅಯ್ಯೋ, ನೋಡಿದ್ದು ಎಲ್ಲಿ ಮುಗಿಯಿತು? ದೀಪಕ್ಕೆ ಅಡ್ಡ ಹಿಡಿದ ನಾಯಕಿಯ ಕೈ ಗಾಳಿ ನಿಂತ ಮೇಲೂ ಅಲ್ಲೇ ಇರುತ್ತದೆ; ಅದು ನನಗೆ ಕಂಡದ್ದು ಮದುವೆಯಾದ ಮೇಲೆ. ಓಲೆಕಾರನನ್ನು ಕೊಲ್ಲಲು ಅಪ್ಪಣೆ ಕೊಟ್ಟ ಪಾಳೇಗಾರ ಪೇಟ ಸುತ್ತಲು ಹೋಗಿ ಎರಡು ಸಲ ತಪ್ಪುತ್ತಾನೆ. ಅದು ಕಂಡದ್ದು ನಮ್ಮ ಮಗಳು ಮದುವೆ ವಯಸ್ಸಿಗೆ ಬಂದಾಗ. ಅಲ್ಲಿಯವರೆಗೆ ಅವನನ್ನು ಕಟುಕ ಅಂದುಕೊಂಡಿದ್ದೆ. ಎಂಥ ಸಿನಿಮಾ ರೀ ಅದು! ನಮಗೆ ವಯಸ್ಸಾಗಲಿ ಎಂದು ಕಾಯ್ದುಕೊಂಡು ಕೂತಿರುತ್ತದೆ.

ಇರಲಿ, ಭಾನುವಾರದ ಮಾತಿಗೆ ಬರುತ್ತೇನೆ. ಚಾನೆಲ್ ಬದಲಿಸಲು ಮನಸ್ಸು ಬರಲಿಲ್ಲ. ಇವಳು ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ತೋಪು ಬಂತು, ದೀಪ ಬಂತು, ಪೇಟ ಬಂತು. ಕೋಟೆ ಬಾಗಿಲೂ ಬಂತು. ಇವಳು ಏಳಲಿಲ್ಲ. ನನಗೇ ಗಾಬರಿಯಾಗಿ ರಿಮೋಟಿಗೆ ಕೈ ಹಾಕಿದೆ. ಮಣಿಕಟ್ಟು ಹಿಡಿದುಕೊಂಡಳು.

“ಇರ್ಲಿ ಬಿಡ್ರೀ.”

“ಗೊತ್ತಲ್ಲ ಕಣೇ, ಮುಂದೆ...” ಎಂದೆ. ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ.

“ಸಾಯ್ತಾನೆ. ಸಾಯ್ಲಿ ಬಿಡ್ರೀ,” ಎಂದಳು. “ನನ್ನೋರು ಮನೆಗೆ ಬಂದವ್ರೆ.”

ಓಲೆಕಾರ ಬಿದ್ದ. ಇವಳು ಕಣ್ಣು ಕದಲಿಸದೆ ನೋಡಿದಳು. ಗಳಗಳನೆ ಅತ್ತವನು ನಾನು.