ಎರಡು ದಾರದ ಗಾಳಿಪಟ ಮತ್ತು ಕಾಕಾನ ಬಲಗೈ

ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಎತ್ತುಗಳನ್ನು ಎಂದೂ ಬೈದವನಲ್ಲ. ಬೈಗುಳವನ್ನೆಲ್ಲ ನನಗೇ ಮೀಸಲಿಟ್ಟಿದ್ದ. ತುಕ್ಕಾನಟ್ಟಿ ಸುತ್ತಲಿನ ಚಕ್ಕಡಿ ಓಟದ ಶರ್ಯತ್ತುಗಳಲ್ಲಿ ಅವನ ಕೈಗೆ ಹಗ್ಗ ಬಂತೆಂದರೆ ಉಳಿದವರು ಎರಡನೇ ಬಹುಮಾನಕ್ಕೆ ಓಡಬೇಕು. ಆ ವರ್ಷ ನಮ್ಮ ಮನೆಯಲ್ಲೇ ಹುಟ್ಟಿದ ಎರಡು ಹೋರಿಗಳು ಮೊದಲ ಸಲ ಓಡುವುದಿತ್ತು. ನಾಲ್ಕು ವರ್ಷ ಅವುಗಳ ಮೈ ತಾನೇ ತಿಕ್ಕಿ, ತಾನೇ ಮೇಯಿಸಿ ಬೆಳೆಸಿದ್ದ. ಬೇರೆಯವರ ಕೈಗೆ ಅವು ಬಗ್ಗುತ್ತಿರಲಿಲ್ಲ.

ನನ್ನದು ಹುಕ್ಕೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅದೇನು ಹುಚ್ಚೋ, ಎರಡು ದಾರದ ಗಾಳಿಪಟವೊಂದನ್ನು ಪಾರ್ಸಲ್ ತರಿಸಿದ್ದೆ. ಕೈಗೊಂದು ದಾರ. ಬಲದ್ದು ಎಳೆದರೆ ಬಲಕ್ಕೆ, ಎಡದ್ದು ಎಳೆದರೆ ಎಡಕ್ಕೆ. ನಮ್ಮ ಕಾಗದದ ಪತಂಗದಂತೆ ಮೇಲೇರಿ ಸುಮ್ಮನೆ ನಿಲ್ಲುವ ಜಾತಿಯಲ್ಲ, ಸರ್ರನೆ ತಿರುಗಿ ಸರ್ರನೆ ಬೀಳುತ್ತದೆ. ರವಿವಾರಕ್ಕೊಮ್ಮೆ ಊರಿಗೆ ಬಂದು, ಕಬ್ಬು ಕಡಿದ ನಮ್ಮ ಹೊಲದಲ್ಲಿ ಕಲಿಯುತ್ತಿದ್ದೆ. ನಾಲ್ಕು ರವಿವಾರ ಅದು ನೆಲಕ್ಕೆ ಮೂಗು ಗುದ್ದಿಕೊಂಡಿತು.

ಗೊಬ್ಬರಕ್ಕೆಂದು ಹೊಲದಲ್ಲಿ ಕುರಿಹಿಂಡು ತಂಗಿಸಿದ್ದ ಇಬ್ಬರು ಕುರುಬರೊಂದಿಗೆ ಕಾಕಾ ಬದುವಿನ ಮೇಲೆ ಕೂತು ನೋಡುತ್ತಿದ್ದ.

"ಗಾಳಿ ಸರಿ ಇಲ್ರಿ ಕಾಕಾ," ಅಂದೆ ಒಮ್ಮೆ.

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಳಂತ," ಅಂದ ಕುರುಬರ ಕಡೆ ತಿರುಗಿ. "ನಮ್ಮಣ್ಣಗ ಗಂಡಮಗ ಹುಟ್ಟೈತಿ ಅಂತಾರ. ನನಗಂತೂ ಇನ್ನೂ ಖಾತ್ರಿ ಇಲ್ಲ."

ಅವರು ಬಿದ್ದು ಬಿದ್ದು ನಕ್ಕರು. ನನಗೆ ಮೂವತ್ತನಾಲ್ಕು ವಯಸ್ಸು, ಇಬ್ಬರು ಮಕ್ಕಳ ತಂದೆ. ಆದರೂ ಕಿವಿ ಸುಟ್ಟುಹೋದವು.

ಅದನ್ನು ಬೀಳಿಸಿ ಬೀಳಿಸಿ ಎರಡು ಸಂಗತಿ ಕಲಿತಿದ್ದೆ. ಗಾಳಿಪಟ ಕೈಮೀರಿದಾಗ ಎರಡೂ ದಾರ ಜಗ್ಗಿದರೆ ಅದು ನಿಲ್ಲುವುದಿಲ್ಲ, ಇನ್ನೂ ಜೋರಾಗುತ್ತದೆ. ಕೈ ಸಡಿಲಿಸಿ ನಾವೇ ಎರಡು ಹೆಜ್ಜೆ ಮುಂದೆ ಹೋಗಬೇಕು. ಇನ್ನೊಂದು, ಆ ದಾರ ಕೂದಲಿನಷ್ಟು ಸಣ್ಣದು, ಬಿಗಿಯಾದರೆ ಬ್ಲೇಡು. ಅದಕ್ಕೇ ಹಿಡಿಯಲು ತುದಿಗೆ ಅಗಲ ಪಟ್ಟಿ ಕೊಟ್ಟಿರುತ್ತಾರೆ.

ಐದನೇ ರವಿವಾರ, ಶರ್ಯತ್ತಿಗೆ ಹನ್ನೆರಡು ದಿನ ಉಳಿದಿದ್ದಾಗ, ಅದು ನನ್ನ ಮಾತು ಕೇಳಿತು. ಆಕಾಶದಲ್ಲಿ ದುಂಡಗೆ ಎರಡು ಸುತ್ತು ಹೊಡೆಸಿದೆ. ಕಾಕಾ 'ಭೇಷ್' ಅನ್ನಲಿಲ್ಲ. ಎದ್ದು ಬಂದು, "ಕೊಡಿಲ್ಲೆ" ಅಂದ. ಪಟ್ಟಿಗಳನ್ನು ನೋಡಿ, "ಇವೇನ್ಲೇ, ಬಳಿ? ನಿನ್ನ ಹೇಣ್ತಿಗೆ ಕೊಡು" ಎಂದು ಅವನ್ನು ಬಿಟ್ಟು, ಬರಿ ದಾರವನ್ನೇ ಬೆರಳಿಗೆ ಎರಡೆರಡು ಸುತ್ತು ಸುತ್ತಿಕೊಂಡ. ಶರ್ಯತ್ತಿನಲ್ಲಿ ಹಗ್ಗ ಹಿಡಿಯುವುದೇ ಹಾಗೆ. ನಡುದಾರಿಯಲ್ಲಿ ಹಗ್ಗ ಬಿಟ್ಟವನು ಊರಲ್ಲಿ ತಲೆ ಎತ್ತಿ ತಿರುಗುವಂತಿಲ್ಲ.

ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಬದುವಿನಿಂದ ಒಬ್ಬ ಕುರುಬ, "ಈಗ ನೋಡ್ರಿ ಖರೇ ಗಂಡಸಿನ ಕೈ!" ಅಂದ. ಬಾಯಿ ಮುಚ್ಚಿಕೊಂಡೆ.

ಕಾಕಾನಿಗೆ ಯಾರೂ ಕಲಿಸಬೇಕಾಗಲಿಲ್ಲ. ಎಡಹೋರಿ ಬಲಹೋರಿ ತಿರುಗಿಸಿದಷ್ಟೇ ಸಲೀಸಾಗಿ ತಿರುಗಿಸಿದ. ನನ್ನ ನಾಲ್ಕು ರವಿವಾರ ಅವನಿಗೆ ನಾಲ್ಕು ನಿಮಿಷ. ಅದೇ ಹೊತ್ತಿಗೆ ಗಾಳಿ ಏರಿತು. ಗಾಳಿಪಟ ಕೆಳಗಿಳಿದು, ನೆಲ ಸವರಿ ಅಡ್ಡಡ್ಡ ಓಡಿತು. ನಲವತ್ತು ವರ್ಷ ಎತ್ತು ನಿಲ್ಲಿಸಿದವನು ಮಾಡುವುದನ್ನೇ ಕಾಕಾ ಮಾಡಿದ: ಹಿಂದಕ್ಕೆ ವಾಲಿ ಎರಡೂ ದಾರ ಜಗ್ಗಿದ. ಅದು ಇನ್ನೂ ಹುಚ್ಚೆದ್ದಿತು.

"ನಿಂದರವಲ್ದಲೇ! ಏನ್ ಮಾಡ್ಲಿ?"

ಜೀವಮಾನದಲ್ಲಿ ಮೊದಲ ಸಲ ಅವನು ನನ್ನನ್ನು ಏನಾದರೂ ಕೇಳಿದ್ದು.

"ಜಗ್ರಿ ಕಾಕಾ. ಬಿಡಬ್ಯಾಡ್ರಿ," ಅಂದೆ.

ಗಾಳಿಗೆ ಅದು ಬದುವಿನವರೆಗೆ ಕೇಳಿಸಿರಲಿಕ್ಕಿಲ್ಲ. ಕಾಕಾನಿಗೆ ಕೇಳಿಸಿತು. ಅವನು ಆ ಇಬ್ಬರ ಮುಂದೆ ಮುಗ್ಗರಿಸಿ ಮಣ್ಣು ಮುಕ್ಕಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಆ ಕ್ಷಣ ಏನಾದರೂ ಆಗಲಿ ಅಂತಲೇ ಇತ್ತು. ಅವನು ಜಗ್ಗಿದ. ಬಲಗೈಯ ಎರಡು ಬೆರಳಲ್ಲಿ ದಾರ ಎಲುಬಿನವರೆಗೆ ಇಳಿಯಿತು. ಆಗಲೂ ಕೈ ಬಿಡಲಿಲ್ಲ. ಕುರುಬನೊಬ್ಬ ಓಡಿಬಂದು ಕುಡಗೋಲಿನಿಂದ ದಾರ ಕೊಯ್ಯಬೇಕಾಯಿತು.

ಗೋಕಾಕದ ದವಾಖಾನೆಯಲ್ಲಿ ಹೊಲಿಗೆ ಹಾಕಿ ಮುಗಿಸಿದ ಡಾಕ್ಟರರನ್ನು ಕಾಕಾ ಒಂದೇ ಮಾತು ಕೇಳಿದ. "ಶರ್ಯತ್ತಿಗೆ ಹಗ್ಗ ಹಿಡೀಬೌದೇನ್ರಿ?"

"ನರ ಹರದಾವ್ರಿ. ಈ ಬೆರಳ ಇನ್ ಮ್ಯಾಲ ಮಡಚೂದಿಲ್ಲ. ಹಗ್ಗದ ಮಾತು ಮರೀರಿ."

ಕಾಕಾ ಗೋಡೆಯ ಕಡೆ ತಿರುಗಿದ. ಅವನ ಹೆಂಡತಿ, ನನ್ನ ಕಾಕು, ನನ್ನ ಮೇಲೆ ಹರಿಹಾಯ್ದಳು. "ನಿನಗ ಎಲ್ಲಾ ಗೊತ್ತಿತ್ತಲ್ಲೋ! ಬಿಡ್ರಿ ಅನ್ನಾಕ ಏನಾಗಿತ್ತು ನಿನಗ?"

ಗೋಡೆ ನೋಡುತ್ತಲೇ ಕಾಕಾ ಹೇಳಿದ. "ಅವನ್ನ ಯಾಕ ಬೈತಿ? ಬಿಡ್ರಿ, ಬಿಡ್ರಿ ಅಂತ ಒದರಾಕತ್ತಿದ್ದ. ನಾನ ಕೇಳಲಿಲ್ಲ."

ಕಾಕು ನನ್ನ ಮುಖ ನೋಡಿದಳು. "ಹೌದೇನೋ?"

"ಹೌದು," ಅಂದೆ.